ಹನ್ನೊಂದು ನಿಮಿಷ

ಬಸ್ ನಿಲ್ದಾಣ, ಪ್ರಕಟಣೆ ಕೋಣೆ
ಹದಿನಾರನೇ ತಾರೀಕು, ಬುಧವಾರ, ಮಧ್ಯಾಹ್ನ

ಪ್ರೀತಿಯ ಇವರಿಗೆ,

ಹೇಗಿದ್ದೀರಿ? ಎಂಜಿನ್ ಕೋಣೆಯ ಸೆಕೆಗೆ ಕುತ್ತಿಗೆಯ ತುಂಬ ಎದ್ದಿದ್ದ ಬೆವರುಸಾಲೆ ಕಮ್ಮಿಯಾಯಿತೇ? ಕಳೆದ ಕಾಗದದಲ್ಲಿ ಸೊಂಟ ಹಿಡಿದುಕೊಂಡಿದೆ ಎಂದು ಅರ್ಧ ಸಾಲು ಬರೆದು ಆಮೇಲೆ ಅದನ್ನು ಹೊಡೆದು ಹಾಕಿದ್ದಿರಿ. ನೀವು ಹೊಡೆದು ಹಾಕಿದ್ದನ್ನೇ ನಾನು ಮೊದಲು ಓದುವುದು ಎಂದು ಇಷ್ಟು ವರ್ಷದ ಮೇಲಾದರೂ ನಿಮಗೆ ಗೊತ್ತಾಗಬೇಕಿತ್ತು. ಬಗ್ಗಿ ಭಾರ ಎತ್ತಬೇಡಿ, ಜೊತೆಯವರನ್ನು ಕರೆಯಿರಿ, ಕೈಸನ್ನೆ ಮಾಡಿದರೆ ಬರುತ್ತಾರಲ್ಲ. ನಾವಿಬ್ಬರೂ ಕ್ಷೇಮ ಎಂದು ಬರೆಯಲು ಹೋಗಿ ಪೆನ್ನು ನಿಲ್ಲಿಸಿದೆ. ಜ್ವರ ನೆಗಡಿ ಇಲ್ಲ ಎನ್ನುವುದೇ ಕ್ಷೇಮವಾದರೆ ಕ್ಷೇಮ.

ಮೊದಲೇ ಹೇಳಿಬಿಡುತ್ತೇನೆ, ಓದುತ್ತ ಓದುತ್ತ ಎದೆ ಒಡೆದುಕೊಳ್ಳಬೇಡಿ: ನಮ್ಮ ಚಿನಕುರಳಿ ಈ ಕ್ಷಣ ನನ್ನ ಬೆನ್ನ ಹಿಂದಿನ ಬೆಂಚಿನ ಮೇಲೆ ಕೂತಿದ್ದಾಳೆ. ಇವತ್ತು ಶಾಲೆಗೆ ಕಳಿಸಲಿಲ್ಲ. ಸೇಬು ಕಚ್ಚುತ್ತ ಬೀಜಗಣಿತ ಮಾಡುತ್ತಿದ್ದಾಳೆ, ಕಚ್ಚುವ ಸದ್ದು ಕೇಳಿಸುತ್ತಿದೆ. ಆ ಸದ್ದು ನಿಂತರೆ ತಿರುಗಿ ನೋಡುತ್ತೇನೆ. ಎರಡು ದಿನದಿಂದ ನನಗೆ ಬಸ್ಸು ಕೂಗುವುದು ಎರಡನೇ ಕೆಲಸ, ತಿರುಗಿ ನೋಡುವುದು ಮೊದಲನೆಯದು. ನಿಮ್ಮ ಹಡಗು ಇಪ್ಪತ್ನಾಲ್ಕಕ್ಕೆ ದಡ ಮುಟ್ಟುತ್ತದೆ, ಅಷ್ಟರೊಳಗೆ ಕಾಗದ ಕೊಟ್ಟರೆ ಟಪಾಲು ಚೀಲದಲ್ಲಿ ಹಾಕಿ ಕಳಿಸುತ್ತೇವೆ ಎಂದು ಕಂಪನಿ ಆಫೀಸಿನವರು ಹೇಳಿದ್ದಾರೆ. ಮೂರು ಸಲ ಬರೆದು ಹರಿದಿದ್ದೇನೆ. ಈ ಸಲ ಹೇಗೆ ಬಂದರೆ ಹಾಗೆ.

ನಿಮಗೆ ಗೊತ್ತಿರುವುದನ್ನೇ ಮತ್ತೆ ಬರೆಯುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡಿ, ಅಲ್ಲಿಂದ ಶುರು ಮಾಡದಿದ್ದರೆ ನನಗೇ ದಾರಿ ಸಿಗುವುದಿಲ್ಲ. ನಿಮಗೆ ಮಾತು ಸಿಕ್ಕಿಕೊಳ್ಳುತ್ತದೆ. ಮಗಳಿಗೂ ಸಿಕ್ಕಿಕೊಳ್ಳುತ್ತದೆ. ನನಗೋ ದಿನಕ್ಕೆ ಇನ್ನೂರು ಬಸ್ಸುಗಳನ್ನು ಮೈಕಿನಲ್ಲಿ ಕೂಗಿ ಹೇಳುವ ನೌಕರಿ. ‘ಮೂರು ಜನರ ಮಾತನ್ನೂ ದೇವರು ನಿನಗೊಬ್ಬಳಿಗೇ ಕೊಟ್ಟುಬಿಟ್ಟ ಕಣೇ ಬಾಯಿಬಡುಕಿ’ ಎಂದು ನೀವು ಒಮ್ಮೆ ಹೇಳಿದ್ದಿರಿ. ಅಷ್ಟು ಹೇಳಿ ಮುಗಿಸುವಷ್ಟರಲ್ಲಿ ಹಾಲು ಉಕ್ಕಿ ಒಲೆಯೆಲ್ಲ ಆಗಿತ್ತು. ನಾನು ಜಾಗ ಬಿಟ್ಟು ಕದಲಿರಲಿಲ್ಲ. ನಮ್ಮ ಮನೆಯಲ್ಲಿ ಇರುವುದೇ ಅದೊಂದು ನಿಯಮ, ಒಬ್ಬರ ಮಾತನ್ನು ಇನ್ನೊಬ್ಬರು ಮುಗಿಸಿಕೊಡಬಾರದು, ಹಾಲು ಉಕ್ಕಲಿ ಬಿಡಲಿ ಕಾಯಬೇಕು. ಫೋನಿನಲ್ಲಿ ಮಾತ್ರ ಯಾರೂ ಕಾಯುವುದಿಲ್ಲ, ಲೈನು ಕಟ್ಟಾಯಿತು ಅಂದುಕೊಂಡು ಇಟ್ಟುಬಿಡುತ್ತಾರೆ ಎಂದು ನೀವು ಫೋನಿನಲ್ಲಿ ಮಾತಾಡುವುದೇ ಇಲ್ಲ. ಅದಕ್ಕೇ ಈ ಕಾಲದಲ್ಲೂ ನಮ್ಮದು ಕಾಗದ. ಮಗಳೊಬ್ಬಳೇ ನಿಮಗೆ ತನ್ನ ದನಿ ಕಳಿಸುತ್ತಿದ್ದವಳು. ಶಾಲೆ ಬಿಟ್ಟು ನಾಲ್ಕು ಹತ್ತರ ಸಿಟಿ ಬಸ್ಸಿಗೆ ಇಲ್ಲಿಗೆ ಬಂದು, ಇದೇ ಬೆಂಚಿನ ಮೇಲೆ ಕೂತು, ನನ್ನ ಫೋನಿನಲ್ಲಿ ರೆಕಾರ್ಡ್ ಮಾಡುತ್ತಿದ್ದಳು. ದಡ ಮುಟ್ಟಿದಾಗ ನೀವು ಕೇಳಿ, ಉತ್ತರ ಬರೆದು ಕಳಿಸುತ್ತಿದ್ದಿರಿ.

ಎರಡನೇ ತಾರೀಕು ನಿಮ್ಮ ಹುಟ್ಟಿದ ದಿನ. ಅವತ್ತು ಅವಳು ಮಾಡಿದ ರೆಕಾರ್ಡು ನಲವತ್ತು ಸೆಕೆಂಡಿನದು. ಗಣಿತದಲ್ಲಿ ತೊಂಬತ್ತೊಂದು ಬಂತು, ಸೈಕಲ್ಲಿನ ಚೈನು ನಾನೇ ಹಾಕಿಕೊಂಡೆ, ಬೇಗ ಬಾ ಅಪ್ಪಾ. ಆ ‘ಬಾ’ ಎನ್ನುವುದು ಅವಳಿಗೆ ಯಾವತ್ತೂ ಹಟ ಮಾಡುತ್ತದೆ. ಹದಿನೈದು ಸೆಕೆಂಡು ಬರೀ ಅದೇ. ಅಷ್ಟು ಹೊತ್ತೂ ನಾನು ಸುಮ್ಮನಿದ್ದೇನೆ, ಫ್ಯಾನು ತಿರುಗುವ ಸದ್ದು ಮಾತ್ರ ಕೇಳುತ್ತದೆ. ಅವಳು ಫೋನು ನನ್ನ ಕೈಗೆ ಕೊಟ್ಟು ಕೈ ತೊಳೆಯಲು ಹೋದಳು. ಅಷ್ಟರಲ್ಲಿ ಎರಡನೇ ಪ್ಲಾಟ್‌ಫಾರಂಗೆ ಬಸ್ಸು ಬಂತು. ಒಂದು ಕೈಯಲ್ಲಿ ಮೈಕಿನ ಗುಂಡಿ ಒತ್ತಿ ಬಸ್ಸು ಕೂಗುತ್ತ ಇನ್ನೊಂದು ಕೈಯಲ್ಲಿ ರೆಕಾರ್ಡು ಕಳಿಸಿದೆ. ನಿಮಗಲ್ಲ. ಫೋನಿನಲ್ಲಿ ನಿಮ್ಮ ಹೆಸರಿನ ಕೆಳಗೆ ಅವಳ ತರಗತಿಯ ಪೋಷಕರ ಗುಂಪು ಇತ್ತು, ಅದಕ್ಕೆ ಹೋಗಿಬಿಟ್ಟಿತು.

ಗೊತ್ತಾದದ್ದು ಹನ್ನೊಂದು ನಿಮಿಷ ಆದಮೇಲೆ. ತಕ್ಷಣ ಅಳಿಸಿದೆ, ತಪ್ಪಿ ಬಂತು ಕ್ಷಮಿಸಿ ಎಂದು ಹಾಕಿದೆ. ಪರವಾಗಿಲ್ಲ ಎಂದು ಇಬ್ಬರು ಮೂವರು ಬರೆದರು. ನಿಮಗೆ ಮತ್ತೆ ಸರಿಯಾಗಿ ಕಳಿಸಿದೆ. ಮಗಳಿಗೆ ಹೇಳಲಿಲ್ಲ. ಹೇಳುವಂಥದ್ದೇನು, ಅಳಿಸಿಯಾಯಿತಲ್ಲ ಅಂದುಕೊಂಡೆ. ಅಳಿಸಿದ್ದು ಅಳಿಸಿಹೋಗುತ್ತದೆ ಎಂದು ನಂಬಿದ ಪೆದ್ದಿ ನಾನು.

ತಡೆಯಿರಿ, ಐದನೇ ಪ್ಲಾಟ್‌ಫಾರಂ ಕರೆಯುತ್ತಿದೆ.

ಬಂದೆ. ಏಳನೇ ತಾರೀಕು ಸೋಮವಾರದಿಂದ ಅವಳು ಒಂಥರಾ ಆದಳು. ನೀವು ಹೋದ ಸಲ ರಜೆಗೆ ಬಂದಾಗ ಕೊಟ್ಟುಹೋದ ನಿಮ್ಮ ಹಳೆಯ ಫೋನನ್ನು ಬೋರಲು ಹಾಕಿ ಇಡುತ್ತಿದ್ದಳು. ಅದು ಗುಂಯ್ ಅಂದರೆ ಭುಜ ಕುಗ್ಗುತ್ತಿತ್ತು. ಅರ್ಧ ತಟ್ಟೆ ಊಟ ಹಾಗೇ ಬಿಟ್ಟು ಏಳುತ್ತಿದ್ದಳು. ತರಗತಿಯಲ್ಲಿ ಗಟ್ಟಿಯಾಗಿ ಓದುವುದರಿಂದ ಬಿಡಿಸು, ಟೀಚರಿಗೆ ಚೀಟಿ ಬರೆದುಕೊಡು ಎಂದು ಕೇಳಿದಳು. ವಯಸ್ಸಿನ ಮುನಿಸು ಎಂದು ನಾನು ಉಡಾಫೆ ಮಾಡಿದೆ. ಹದಿಮೂರಕ್ಕೆ ನಾನೂ ಬಾಗಿಲು ದಡಾರನೆ ಹಾಕಿಕೊಂಡು ನಮ್ಮಮ್ಮನ ಪ್ರಾಣ ತಿಂದವಳೇ. ಆದರೆ ನಾನು ಬಾಗಿಲು ಹಾಕಿಕೊಂಡರೆ ಪ್ರಪಂಚ ಹೊರಗೆ ಉಳಿಯುತ್ತಿತ್ತು. ಇವಳು ಹಾಕಿಕೊಂಡರೆ ಅದೂ ಫೋನಿನ ಜೊತೆ ಒಳಗೇ ಬರುತ್ತಿತ್ತು. ಇದು ನನಗೆ ಆಗ ಹೊಳೆಯಲಿಲ್ಲ.

ಗುರುವಾರ ಸಾಯಂಕಾಲ ನಾಲ್ಕರ ಹೊತ್ತಿಗೆ ನಾಲ್ಕನೇ ಪ್ಲಾಟ್‌ಫಾರಂನಲ್ಲಿ ಅವಳ ಶಾಲೆಯ ಸಮವಸ್ತ್ರದ ಆರೇಳು ಮಕ್ಕಳು ಒಂದೇ ಫೋನಿನ ಮೇಲೆ ಬಗ್ಗಿ ನಿಂತಿದ್ದರು. ನನ್ನ ಗಾಜಿನ ಕಿಟಕಿ ಅರ್ಧ ತೆರೆದಿತ್ತು. ಮೊದಲು ಕುರಿ ಅರಚಿದ ಸದ್ದು ಬಂತು. ಅದರ ಹಿಂದೆಯೇ ನನ್ನ ಮಗಳ ‘ಬಾ’. ಮತ್ತೆ ಕುರಿ, ಮತ್ತೆ ‘ಬಾ’, ಅದಕ್ಕೊಂದು ತಾಳ. ಮಕ್ಕಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಪಕ್ಕದಲ್ಲಿ ಟ್ರಂಕು ಇಟ್ಟುಕೊಂಡು ಕೂತಿದ್ದ ಯಾರೋ ಹೆಂಗಸೂ ನಕ್ಕಳು, ಪಾಪ, ಅವಳಿಗೇನು ಗೊತ್ತು. ಆಮೇಲೆ ನೋಡಿದೆ, ಶಾಲೆಯ ಫೋಟೋದಿಂದ ಮಗಳ ಮುಖ ಕತ್ತರಿಸಿ ಕುರಿಯ ಮೈಗೆ ಅಂಟಿಸಿದ್ದರು. ಆ ಹೊತ್ತಿಗೆ ನನಗೆ ಕೇಳಿಸಿದ್ದು ದನಿಯಷ್ಟೇ. ಕೈ ಎಲ್ಲಿತ್ತು ಎಂದರೆ ಮೈಕಿನ ಗುಂಡಿಯ ಮೇಲಿತ್ತು, ಅಲ್ಲಿಯೇ ಇರುತ್ತದಲ್ಲ ಯಾವಾಗಲೂ. ಒತ್ತಿಬಿಟ್ಟೆ. ‘ನಾಲ್ಕನೇ ಪ್ಲಾಟ್‌ಫಾರಂನಲ್ಲಿ ನಿಂತಿರೋ ಮಕ್ಕಳೇ, ಅದು ನನ್ನ ಮಗಳ ದನಿ. ಆರಿಸ್ರೋ ಅದನ್ನ! ನಾಚಿಕೆ ಆಗಲ್ವಾ ನಿಮಗೆ?’ ಇನ್ನೂ ಏನೇನೋ ಅಂದೆ. ಮಗಳ ಹೆಸರನ್ನೂ ಹೇಳಿದೆ. ನಾಲ್ಕು ಹತ್ತರ ಸಿಟಿ ಬಸ್ಸು ಆಗಷ್ಟೇ ಒಳಗೆ ಬಂದಿತ್ತು. ಅದರ ಮೆಟ್ಟಿಲ ಮೇಲೆ ಬ್ಯಾಗು ಹೆಗಲಿಗೇರಿಸಿಕೊಂಡು ಅವಳು ನಿಂತಿದ್ದಳು. ಎಲ್ಲ ಕೇಳಿಸಿಕೊಂಡಳು. ಯಾರೋ ಒಬ್ಬ ನನ್ನ ಕಿಟಕಿಯ ಕಡೆಗೆ ಫೋನು ಎತ್ತಿ ಹಿಡಿದಿದ್ದ.

ಅವತ್ತು ಮನೆ ಸೇರುವ ಹೊತ್ತಿಗೆ ಎರಡನೇ ವಿಡಿಯೋ ಬಂದಿತ್ತು. ಕುರಿಯಮ್ಮ ಅಂತೆ ನಾನು. ಎರಡು ಸಾವಿರ ಚಿಲ್ಲರೆ ಜನ ನೋಡಿದ್ದರು. ಅಲ್ಲಿಯವರೆಗೆ ಕುರಿಯ ಮೈಯ ಹುಡುಗಿ ಯಾರೆಂದು ಅವಳ ತರಗತಿಯವರಿಗೆ ಮಾತ್ರ ಗೊತ್ತಿತ್ತು. ಈಗ ಮೈಕಿನಲ್ಲಿ ಹೆಸರು ಹಿಡಿದು ಊರಿಗೆಲ್ಲ ಹೇಳಿದವಳು ಯಾರು, ಹೆತ್ತ ತಾಯಿ. ಬುದ್ಧಿಗೆಟ್ಟವಳು ಅಲ್ಲಿಗಾದರೂ ನಿಂತೆನೇ? ಇದೆಲ್ಲ ಈ ಫೋನಿನಿಂದಲೇ ಬಂದದ್ದು ಎಂದು ಅವಳ ಕೈಯಿಂದ ಕಿತ್ತುಕೊಂಡೆ. ಅವಳು ತಡೆಯಲಿಲ್ಲ, ಅಳಲಿಲ್ಲ. ಬೀರುವಿನಲ್ಲಿಟ್ಟು ಬೀಗ ಹಾಕುವ ಮುಂಚೆ ಒಳಗೆ ಏನಿದೆ ಎಂದು ಓದಿದೆ. ಮುಖವಿಲ್ಲದ, ಹೆಸರಿಲ್ಲದ ಖಾತೆಯೊಂದರಿಂದ ದಿನಕ್ಕೆ ಏಳೆಂಟು ಬಂದಿದ್ದವು. ‘ನಾಳೆ ಬಾ, ಇನ್ನೊಂದು ರೆಡಿ ಇದೆ.’ ‘ನಿಮ್ಮಪ್ಪ ಹಡಗು ಹತ್ತಿ ಓಡಿಹೋಗಿದ್ದು ಯಾಕೆ ಅಂತ ಈಗ ಗೊತ್ತಾಯ್ತು.’ ‘ನೀನು ಇಲ್ದೇ ಹೋದ್ರೆ ಯಾರಿಗೂ ಏನೂ ನಷ್ಟ ಇಲ್ಲ, ಯೋಚ್ನೆ ಮಾಡು.’ ರೀ, ಆ ಕೊನೆಯದನ್ನು ನಿಮಗೆ ಬರೆಯಬೇಕೋ ಬೇಡವೋ ಎಂದೇ ಮೂರು ಕಾಗದ ಹರಿದದ್ದು. ಕಳ್ಳ ಮನೆಗೆ ನುಗ್ಗಿದರೆ ಕೂಗಿಕೊಳ್ಳಬಹುದು, ಅಕ್ಕಪಕ್ಕದವರು ಬರುತ್ತಾರೆ. ಇವನೋ ಇವಳೋ ನಾಲ್ಕು ದಿನದಿಂದ ನನ್ನ ಮಗಳ ದಿಂಬಿನ ಪಕ್ಕದಲ್ಲೇ ಇದ್ದಾರೆ, ನಾನು ಪಕ್ಕದ ಕೋಣೆಯಲ್ಲಿ ಬಟ್ಟೆ ಮಡಿಸುತ್ತಿದ್ದೆ. ಆ ಗಳಿಗೆಯಿಂದ ಅವಳು ಮಾತು ನಿಲ್ಲಿಸಿದಳು. ನೀರು ಬೇಕಿದ್ದರೂ ಚೀಟಿ. ‘ಹಸಿವಿಲ್ಲ’ ಎಂದು ಚೀಟಿ. ಉಗ್ಗುವ ಮಾತೂ ಇಲ್ಲದ ಮನೆಯಲ್ಲಿ ನಾನೊಬ್ಬಳೇ ವಟವಟ ಅನ್ನುತ್ತ ಓಡಾಡಿದೆ, ಸುಮ್ಮನಾದರೆ ಭಯವಾಗುತ್ತಿತ್ತು.

ಮಾರನೇ ದಿನ ಇಬ್ಬರ ಫೋನನ್ನೂ ತೆಗೆದುಕೊಂಡು ಮೂರನೇ ಗೇಟಿನ ಫೋನ್ ರಿಪೇರಿಯವಳ ಹತ್ತಿರ ಹೋದೆ. ನಿಮಗೆ ನೆನಪಿರಬೇಕು, ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಇನ್ನೊಂದು ಕಣ್ಣಿನಲ್ಲಿ ಗಿರಾಕಿಗಳನ್ನು ಅಳೆಯುವವಳು. ಎಲ್ಲ ಅಳಿಸಿಕೊಡು, ಒಂದೂ ಉಳಿಯಬಾರದು ಎಂದೆ. ಅವಳು ಕನ್ನಡಿ ತೆಗೆದು ನನ್ನನ್ನೇ ನೋಡಿದಳು. ‘ಅಳಿಸಿಬಿಟ್ರೆ ನಾಳೆ ಯಾರ ಮುಂದೆ ಏನು ತೋರಿಸ್ತೀರಕ್ಕಾ? ಅವರು ಮಾಡಿದ್ದಕ್ಕೆ ಇದೇ ಸಾಕ್ಷಿ.’ ತಾರೀಕು, ಹೊತ್ತು, ಯಾರ ಖಾತೆ ಎನ್ನುವುದೆಲ್ಲ ಕಾಣುವ ಹಾಗೆ ಒಂದೊಂದನ್ನೂ ಹೇಗೆ ಹಿಡಿದಿಡಬೇಕೆಂದು ತೋರಿಸಿದಳು. ಎಲ್ಲ ಹಿಡಿದಿಟ್ಟ ಮೇಲೆ ಆ ಖಾತೆಯನ್ನು ತಡೆದುಹಾಕಿ, ಅದನ್ನು ನಡೆಸುವ ಕಂಪನಿಗೆ ದೂರು ಕೊಡಿ, ಅಲ್ಲಿಯವರೆಗೆ ಒಂದಕ್ಕೂ ಉತ್ತರ ಕೊಡಬೇಡಿ, ಬೈಯಬೇಡಿ, ಬೇಡಿಕೊಳ್ಳಲೂ ಬೇಡಿ ಎಂದಳು. ‘ನಿಮ್ಮ ಮೈಕು ಅವರಿಗೆ ಹಬ್ಬದೂಟ ಹಾಕ್ತು’ ಎಂದೂ ಅಂದಳು, ಮನಸ್ಸಿನಲ್ಲಿ ಇಟ್ಟುಕೊಳ್ಳಲಿಲ್ಲ. ಆಮೇಲೆ ಮಗಳ ಫೋನು ನನ್ನ ಹತ್ತಿರ ಯಾಕಿದೆ ಎಂದು ಕೇಳಿದಳು. ಕಿತ್ತುಕೊಂಡೆ ಎಂದೆ. ‘ಅದಕ್ಕೇ ಅಕ್ಕಾ ಮಕ್ಕಳು ಬಾಯಿ ಬಿಡಲ್ಲ. ಹೇಳಿದ್ರೆ ಫೋನ್ ಹೋಗುತ್ತೆ ಅಂತ ಗೊತ್ತು. ಹೊಡೆಸಿಕೊಂಡವಳಿಗೇ ಶಿಕ್ಷೆ ಕೊಟ್ರೆ ಹೇಗೆ?’ ನನ್ನ ವಯಸ್ಸಿನಲ್ಲಿ ಅರ್ಧದವಳು. ನನ್ನ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ.

ಸಾಯಂಕಾಲ ಫೋನು ಅವಳ ಮುಂದಿಟ್ಟು, ತಪ್ಪಾಯಿತು, ಇದು ನಿನ್ನದು, ಬಾ ಇಬ್ಬರೂ ಕೂತು ಮಾಡೋಣ ಎಂದೆ. ಅಡುಗೆಮನೆಯ ಮೇಜಿನ ಮುಂದೆ ಕೂತೆವು. ಅವಳು ಒಂದೊಂದನ್ನೇ ಹಿಡಿದಿಟ್ಟಳು, ನಾನು ತಾರೀಕು ಬರೆದುಕೊಂಡೆ. ಮೂವತ್ತೇಳು ಆದವು. ನಾನು ಯಾವುದನ್ನೂ ಗಟ್ಟಿಯಾಗಿ ಓದಲಿಲ್ಲ. ಆಮೇಲೆ ಆ ಖಾತೆಯನ್ನು ತಡೆದು, ದೂರು ಕೊಟ್ಟು, ತನ್ನ ಖಾತೆಗೆ ಬೀಗ ಹಾಕಿ, ಗೊತ್ತಿರುವ ಒಂಬತ್ತು ಜನರನ್ನು ಬಿಟ್ಟು ಉಳಿದವರನ್ನೆಲ್ಲ ತೆಗೆದಳು. ಇದೆಲ್ಲ ಅವಳಿಗೆ ನನಗಿಂತ ಚೆನ್ನಾಗಿ ಬರುತ್ತದೆ. ಬಾರದ್ದು ಒಂದೇ, ನನ್ನ ಹತ್ತಿರ ಹೇಳುವುದು, ಅದನ್ನು ಕಲಿಸಬೇಕಾದವಳು ನಾನಾಗಿದ್ದೆ.

ಶನಿವಾರ ಅವನ್ನೆಲ್ಲ ಪ್ರಿಂಟ್ ಹಾಕಿಸಿ, ಆ ಮೂವತ್ತೇಳು ಹಾಳೆ ಹಿಡಿದುಕೊಂಡು ಶಾಲೆಗೆ ಹೋದೆವು. ಮುಖ್ಯೋಪಾಧ್ಯಾಯಿನಿ ಮೊದಲು ಮಕ್ಕಳಾಟ, ಒಂದು ವಾರದಲ್ಲಿ ಮರೆತುಹೋಗುತ್ತದೆ ಎಂದರು. ನಾನು ಬಾಯಿ ತೆರೆಯುವ ಮುಂಚೆಯೇ ಮಗಳು ಆ ಕೊನೆಯ ಹಾಳೆಯನ್ನು ಎಳೆದು ಅವರ ಮುಂದಿಟ್ಟಳು. ಅವರು ಓದಿ ಕನ್ನಡಕ ತೆಗೆದರು, ಆಮೇಲೆ ಮಕ್ಕಳಾಟ ಎನ್ನಲಿಲ್ಲ. ಅಲ್ಲಿಂದ ಪೊಲೀಸ್ ಠಾಣೆ. ಇಂಥ ದೂರುಗಳನ್ನೇ ನೋಡುವ ಒಬ್ಬರು ಮೇಡಂ ಇದ್ದಾರೆ. ಏನಾಯಿತು ಎಂದು ಮಗಳನ್ನೇ ಕೇಳಿದರು. ಕೇಳಿ ಕಾದರು. ಹೊರಗೆ ಜನ ಕಾಯುತ್ತಿದ್ದರೂ ಗಡಿಯಾರ ನೋಡಲಿಲ್ಲ. ಕೊನೆಗೆ ಅವಳು ಕಾಗದ ಎಳೆದುಕೊಂಡು ಎರಡು ಪುಟ ಬರೆದಳು. ನಮ್ಮ ಮನೆಯ ನಿಯಮ ಆ ಮೇಡಂಗೆ ಯಾರು ಹೇಳಿಕೊಟ್ಟರೋ! ನಾವು ಏಳುವಾಗ ನನ್ನನ್ನು ಪಕ್ಕಕ್ಕೆ ಕರೆದು, ಸಾಯಬೇಕು ಅನ್ನಿಸುತ್ತಿದೆಯಾ ಅಂತ ನೇರವಾಗಿ ಕೇಳಿ, ಕೇಳಿದರೆ ಹೊಸದಾಗಿ ತಲೆಗೆ ಬರುತ್ತದೆ ಅಂತ ಹೆದರಬೇಡಿ, ಕೇಳದೇ ಇದ್ದರೇ ಅಪಾಯ ಎಂದರು. ನಾನು ತಲೆಯಾಡಿಸಿ ಬಂದೆ. ಮನೆಗೆ ಬಂದವಳು ಕೇಳಲಿಲ್ಲ. ಶನಿವಾರ ಕೇಳಲಿಲ್ಲ, ಭಾನುವಾರ ಕೇಳಲಿಲ್ಲ. ಇನ್ನೂರು ಬಸ್ಸು ಕೂಗುವವಳಿಗೆ ಆ ಎರಡು ಪದ ಬರಲಿಲ್ಲ.

ಸೋಮವಾರ ಶಾಲೆಗೆ ಹೋಗುತ್ತೇನೆ ಎಂದು ಅವಳೇ ಚೀಟಿ ಬರೆದಳು. ಕಳಿಸಿದೆ. ನಾಲ್ಕು ಹತ್ತರ ಸಿಟಿ ಬಸ್ಸು ಬಂತು. ಅವಳು ಇಳಿಯಲಿಲ್ಲ. ಮುಂದಿನದು ನಾಲ್ಕೂವರೆಗೆ, ಅದರಿಂದಲೂ ಇಳಿಯಲಿಲ್ಲ. ಫೋನು ಮಾಡಿದರೆ ಆರಿದೆ. ಶಾಲೆಗೆ ಮಾಡಿದೆ. ಬೆಳಿಗ್ಗೆ ತರಗತಿಗೆ ಕಾಲಿಡುತ್ತಲೇ ಹಿಂದಿನ ಬೆಂಚಿನಿಂದ ಯಾರೋ ಕುರಿಯ ಹಾಗೆ ಅರಚಿದರಂತೆ. ಮಧ್ಯಾಹ್ನ ಊಟದ ಗಂಟೆಗೆ ಅವಳು ಗೇಟು ದಾಟಿ ಹೋಗಿದ್ದಾಳೆ, ಆಮೇಲೆ ಕಂಡವರಿಲ್ಲ. ಮಧ್ಯಾಹ್ನ ಒಂದು ಗಂಟೆಯಿಂದ. ನಾನು ನಾಲ್ಕೂ ಮುಕ್ಕಾಲಿಗೆ ಈ ಮಾತು ಕೇಳುತ್ತಿದ್ದೇನೆ. ಯಾವ ರಸ್ತೆಗೆ ಓಡಲಿ? ಸೇತುವೆಯ ಕಡೆಗೋ, ರೈಲು ಹಳಿಯ ಕಡೆಗೋ, ಮನೆಯ ಮಹಡಿಗೋ? ಆ ಖಾತೆಯ ಕೊನೆಯ ಸಾಲು ತಲೆಯೊಳಗೆ ನನ್ನದೇ ದನಿಯಲ್ಲಿ ಕೂಗಿಕೊಳ್ಳುತ್ತಿತ್ತು, ಬಸ್ಸು ಕೂಗುವ ರಾಗದಲ್ಲಿ. ನಮ್ಮ ನಿಲ್ದಾಣದ ಕಂಟ್ರೋಲರ್ ಸಾಹೇಬರು, ಹೌದು, ಮೈಕಿನ ವಿಷಯಕ್ಕೆ ಶುಕ್ರವಾರ ನನಗೆ ವಿವರಣೆ ಕೇಳಿ ಕಾಗದ ಕೊಟ್ಟವರೇ, ಪೊಲೀಸ್ ಮೇಡಂಗೆ ಫೋನು ಮಾಡಿ, ನಾಲ್ಕು ಗೇಟಿಗೂ ಜನ ಕಳಿಸಿದರು. ‘ಕೂಗಿ ಮೇಡಂ, ನೀವೇ ಕೂಗಿ. ಇಲ್ಲೇ ಎಲ್ಲಾದ್ರೂ ಇದ್ರೆ ನಿಮ್ಮ ದನಿಗೆ ಬರ್ತಾಳೆ’ ಎಂದರು.

ಕಾಣೆಯಾದ ಮಕ್ಕಳ ಪ್ರಕಟಣೆ ನನಗೇನು ಹೊಸದೇ? ವಯಸ್ಸು, ಬಟ್ಟೆಯ ಬಣ್ಣ, ಎಲ್ಲಿಗೆ ಕರೆತರಬೇಕು. ಎಷ್ಟು ತಾಯಂದಿರ ಪರವಾಗಿ ಕೂಗಿಲ್ಲ, ಪಕ್ಕದಲ್ಲಿ ನಿಂತು ಅಳುವವರಿಗೆ ಸ್ವಲ್ಪ ಸುಮ್ಮನಿರಮ್ಮ ಎಂದು ಗದರಿಸಿದ್ದೂ ಉಂಟು. ಗುಂಡಿ ಒತ್ತಿದೆ. ‘ಪ್ರಯಾಣಿಕರ ಗಮನಕ್ಕೆ’ ಎನ್ನುವುದು ರೂಢಿಯ ಮೇಲೆ ತಾನಾಗಿ ಬಂತು. ಅಲ್ಲಿಗೆ ನಿಂತಿತು. ‘ನನ್ನ ಮಗಳು’ ಎನ್ನಬೇಕು. ಬಾಯಿ ತೆರೆದಿದೆ, ಉಸಿರು ಇದೆ, ಮಾತು ಗಂಟಲಿನಲ್ಲಿ ನಿಂತಿದೆ. ‘ಮ’ ಎನ್ನುತ್ತೇನೆ. ಮತ್ತೆ ‘ಮ’. ಹದಿನಾರು ಸ್ಪೀಕರುಗಳಲ್ಲಿ ನನ್ನ ಆ ಒಂದೇ ಅಕ್ಷರ ನಿಲ್ದಾಣದ ತುಂಬ ಬೀಳುತ್ತಿದೆ. ಜನ ತಲೆಯೆತ್ತಿ ನೋಡುತ್ತಿದ್ದಾರೆ. ಕಂಟ್ರೋಲರ್ ಸಾಹೇಬರು ಕನಿಕರದಿಂದಲೇ ಮೈಕಿಗೆ ಕೈ ಹಾಕಿದರು, ನನ್ನ ಬದಲು ತಾವು ಹೇಳಿ ಮುಗಿಸಲು. ಅವರ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡೆ, ಬಿಡಲಿಲ್ಲ. ರೀ, ಹದಿನಾರು ವರ್ಷ ನಿಮ್ಮ ಜೊತೆ ಬಾಳಿ, ಹದಿಮೂರು ವರ್ಷ ಅವಳನ್ನು ಬೆಳೆಸಿ, ಅದು ಒಳಗಿನಿಂದ ಹೇಗಿರುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ. ಕಾಯುವುದು ದೊಡ್ಡ ಉಪಕಾರ ಅಂದುಕೊಂಡಿದ್ದೆ. ಎಷ್ಟು ಹೊತ್ತಾಯಿತೋ, ವಯಸ್ಸು ಬಟ್ಟೆಯ ಬಣ್ಣ ಎಲ್ಲ ಮರೆತು, ಕೊನೆಗೆ ನನ್ನಿಂದ ಬಂದದ್ದು ಇಷ್ಟೇ: ‘ಚಿನಕುರಳಿ, ಬ… ಬಾ.’

ಒಂಬತ್ತನೇ ಪ್ಲಾಟ್‌ಫಾರಂನ ಆಚೆ ಗೇರ್‌ಬಾಕ್ಸ್ ಕೆಟ್ಟ ಬಸ್ಸೊಂದು ವಾರದಿಂದ ನಿಂತಿದೆ. ಅದರ ಬಾಗಿಲು ತಳ್ಳಿಕೊಂಡು ಅವಳು ಇಳಿದಳು. ಮಧ್ಯಾಹ್ನದಿಂದ ಅದರ ಕೊನೆಯ ಸೀಟಿನಲ್ಲಿ ಕೂತಿದ್ದಳಂತೆ. ಓಡಲಿಲ್ಲ, ನಡೆದುಕೊಂಡೇ ಬಂದಳು. ಒಂಬತ್ತು ಪ್ಲಾಟ್‌ಫಾರಂ ಉದ್ದಕ್ಕೂ ಜನ ಸರಿದು ದಾರಿ ಬಿಟ್ಟರು, ಒಬ್ಬರೂ ಫೋನು ಎತ್ತಲಿಲ್ಲ, ಅಥವಾ ಎತ್ತಿದ್ದರೋ ಏನೋ, ನಾನು ನೋಡಲಿಲ್ಲ. ಕೋಣೆಯ ಬಾಗಿಲಲ್ಲಿ ನಿಂತು, ನಾಲ್ಕು ದಿನದ ಮೇಲೆ ಮೊದಲ ಮಾತು ಆಡಿದಳು. ‘ಅಮ್ಮಾ, ನಿಂಗೂ ಸಿ… ಸಿಕ್ಕೊಳ್ತಾ?’ ಕಂಟ್ರೋಲರ್ ಸಾಹೇಬರು ಹೊರಗೆ ಹೋಗಿ ಬಾಗಿಲು ಎಳೆದುಕೊಂಡರು. ಅವಳನ್ನು ಅಪ್ಪಿಕೊಂಡು ಎಷ್ಟು ಅತ್ತೆನೋ, ಆರು ಬಸ್ಸು ಯಾರಿಗೂ ಹೇಳದೆ ಹೊರಟವು.

ಆಮೇಲೆ ಕೇಳಿದೆ. ಸಾಯಬೇಕು ಅನ್ನಿಸಿತಾ ಮಗಳೇ ಎಂದು. ಅವಳು ಬ್ಯಾಗಿನ ಪಟ್ಟಿ ತಿರುಚಿದಳು. ‘ಅನ್ನಿಸ್ತು. ಬಸ್ಸಲ್ಲಿ ಕೂತಿದ್ದಾಗ. ಈಗ ಇಲ್ಲ’ ಎಂದಳು. ಇದನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ, ಮುಚ್ಚಿಟ್ಟಿದ್ದರ ಫಲ ಉಂಡಾಗಿದೆ. ಶುಕ್ರವಾರಕ್ಕೆ ಮಕ್ಕಳ ಮನಸ್ಸಿನ ಡಾಕ್ಟರ ಹತ್ತಿರ ಹೊತ್ತು ಸಿಕ್ಕಿದೆ, ಅಲ್ಲಿಯವರೆಗೆ ಅವಳನ್ನು ಒಬ್ಬಳನ್ನೇ ಬಿಡುವುದಿಲ್ಲ. ನನ್ನ ತಪ್ಪನ್ನೂ ಅಲ್ಲೇ ಒಪ್ಪಿಕೊಂಡೆ, ಅಪ್ಪನಿಗೆ ಹೋಗಬೇಕಾದ್ದು ನನ್ನ ಕೈತಪ್ಪಿ ಹೋಯಿತು, ಹನ್ನೊಂದು ನಿಮಿಷ ಅಲ್ಲಿತ್ತು ಎಂದು. ಅವಳು ತಲೆಯೆತ್ತದೆ ‘ಗೊತ್ತು’ ಎಂದಳು. ‘ಅಪ್ಪಂಗೆ ಮಾತ್ರ ಹೇಳಿದ್ದು ಅದು. ನಿನ್ನ ಫೋನಲ್ಲಿ ಬಿಟ್ರೆ ಎಲ್ಲೂ ಇರ್ಲಿಲ್ಲ.’ ಮೊದಲ ದಿನದಿಂದ ಗೊತ್ತಿತ್ತು. ಕೇಳಿದರೆ ನಾನು ಅಳುತ್ತೇನೆ ಎಂದು ಕೇಳಿರಲಿಲ್ಲ. ಅಳುವುದೇನು, ಆ ಕ್ಷಣ ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಕ್ಷಮಿಸಿದಳೇ ಎಂದು ಕೇಳಬೇಡಿ. ಬಾಟಲಿಯಲ್ಲಿ ಉಳಿದಿದ್ದ ನೀರನ್ನು ಅರ್ಧ ಕುಡಿದು ಅರ್ಧ ನನಗೆ ಕೊಟ್ಟಳು, ಅಷ್ಟೇ.

ರೆಕಾರ್ಡನ್ನು ಉಳಿಸಿಕೊಂಡವಳು ಯಾರು ಗೊತ್ತೇ? ಎರಡು ವರ್ಷ ಇವಳ ಪಕ್ಕದಲ್ಲೇ ಕೂರುತ್ತಿದ್ದ ಗೆಳತಿ. ಅವತ್ತು ಅವಳಮ್ಮನ ಫೋನು ಅವಳ ಕೈಯಲ್ಲಿತ್ತು. ‘ಇಬ್ಬರಿಗೆ ಮಾತ್ರ ಕಳಿಸಿದ್ದೆ ಆಂಟಿ, ಸುಮ್ನೆ ತಮಾಷೆಗೆ’ ಎಂದು ನಿನ್ನೆ ಮುಖ್ಯೋಪಾಧ್ಯಾಯಿನಿಯ ಕೋಣೆಯಲ್ಲಿ ಬಿಕ್ಕಿ ಬಿಕ್ಕಿ ಅತ್ತಳು. ಕೆನ್ನೆಗೆ ಬಾರಿಸಬೇಕು ಎಂದು ಹೋಗಿದ್ದೆ. ನೋಡಿದರೆ ಅದೂ ಒಂದು ಮಗು, ಉಗುರು ಕಚ್ಚಿ ಕಚ್ಚಿ ಬೆರಳೆಲ್ಲ ಕೆಂಪಗಾಗಿದೆ. ಕುರಿ ಅಂಟಿಸಿದವರು ಸಿಕ್ಕಿದ್ದಾರೆ, ತಮ್ಮ ವಿಡಿಯೋ ಅಳಿಸಿದ್ದಾರೆ. ಆದರೆ ಆ ಮುಖವಿಲ್ಲದ ಖಾತೆ ಯಾರದೆಂದು ಇನ್ನೂ ತಿಳಿದಿಲ್ಲ. ಎರಡು ಕಡೆ ವಿಡಿಯೋ ತೆಗೆಸಿಹಾಕಿದರೆ ಮೂರನೇ ಕಡೆ ಏಳುತ್ತದೆ. ಪೊಲೀಸ್ ಮೇಡಂ ಹುಡುಕುತ್ತಿದ್ದೇವೆ ಎನ್ನುತ್ತಾರೆ. ಪ್ಲಾಟ್‌ಫಾರಂನಲ್ಲಿ ಯಾರು ಫೋನು ನೋಡಿ ನಕ್ಕರೂ ಕುರಿಯ ಸದ್ದೇನೋ ಎಂದು ಕಿಟಕಿಗೆ ಕಿವಿ ಕೊಡುತ್ತೇನೆ. ನನಗೆ ಭಯವಾಗಿದೆ, ರೀ. ಧೈರ್ಯದ ಹೆಂಗಸು ಎಂದು ನೀವು ನಂಬಿಕೊಂಡು ಹಡಗು ಹತ್ತಿದ್ದೀರಿ, ಅದಕ್ಕೇ ಬರೆದು ತಿಳಿಸುತ್ತಿದ್ದೇನೆ.

ಹೊತ್ತಿಗೆ ಸರಿಯಾಗಿ ಉಣ್ಣಿ. ಕಿವಿಯ ಮುಚ್ಚಿಗೆ ತೆಗೆದು ಕೆಲಸ ಮಾಡಬೇಡಿ. ನಿಮ್ಮ ಜೊತೆಯವರಿಗೆಲ್ಲ ನನ್ನ ನಮಸ್ಕಾರ, ಆ ಅಡುಗೆಯವರಿಗೆ ಉಪ್ಪು ಕಮ್ಮಿ ಹಾಕಲು ಹೇಳಿ, ನಿಮ್ಮ ರಕ್ತದೊತ್ತಡ ನನಗೆ ಗೊತ್ತು. ಸಮುದ್ರ ನಿಮ್ಮನ್ನು ಚೆನ್ನಾಗಿಟ್ಟಿರಲಿ. ಮಗಳು ಸೇಬು ಮುಗಿಸಿದಳು, ತಿರುಗಿ ನೋಡಿದೆ, ಇದ್ದಾಳೆ.

ನಿಮ್ಮ
ಬಾಯಿಬಡುಕಿ

ಮರೆತ ಮಾತು: ಸುಳ್ಳು, ಮರೆತಿರಲಿಲ್ಲ. ಬರೆಯಲು ಕೈ ಬರಲಿಲ್ಲ. ಐದನೇ ಪ್ಲಾಟ್‌ಫಾರಂನ ಬಸ್ಸು ಬರುವಷ್ಟರಲ್ಲಿ ಬರೆದುಬಿಡುತ್ತೇನೆ. ನಿನ್ನೆ ಸಾಯಂಕಾಲ ನನ್ನ ಫೋನು ಅವಳ ಕೈಗೆ ಕೊಟ್ಟು, ಅಪ್ಪನಿಗೆ ಎರಡು ಮಾತು ಹೇಳು, ಈ ಸಲ ಕಳಿಸುವುದು ನೀನೇ ಎಂದೆ. ತಿರುಗಿ ನನ್ನ ಕೈಗೇ ಇಟ್ಟಳು. ‘ಬೇಡಮ್ಮ. ಇನ್ಮೇಲೆ ಬರೀತೀನಿ. ಅಪ್ಪನೂ ಹಾಗೇ ತಾನೇ ಮಾಡೋದು? ಮಾತಾಡದೇ ಇದ್ರೆ ಯಾರೂ ನಗಲ್ಲ.’ ಅಷ್ಟು ದೊಡ್ಡ ಮಾತನ್ನು ಎಲ್ಲೂ ಸಿಕ್ಕಿಕೊಳ್ಳದೆ ಹೇಳಿದಳು. ಆ ಮುಖವಿಲ್ಲದವರ ಮೂವತ್ತೇಳು ಹಾಳೆಗಿಂತ ನನ್ನನ್ನು ಹೆಚ್ಚು ಹೆದರಿಸಿದ್ದು ಇದು. ಅವಳು ಹುಟ್ಟಿದ ದಿನ ಒಂದೇ ಒಂದು ಸಲ ನೀವು ಫೋನು ಮಾಡಿದ್ದಿರಿ, ನೆನಪಿದೆಯೇ? ಒಂದು ಮಾತೂ ಹೊರಡಲಿಲ್ಲ, ಬರೀ ಉಸಿರು. ನೀವೇ ಎಂದು ನನಗೆ ಗೊತ್ತಾಯಿತು, ಮಗುವನ್ನು ಫೋನಿನ ಹತ್ತಿರ ಹಿಡಿದೆ. ಇಪ್ಪತ್ನಾಲ್ಕಕ್ಕೆ ದಡ ಮುಟ್ಟಿದ ಮೇಲೆ ಈ ಕೋಣೆಯ ಲ್ಯಾಂಡ್‌ಲೈನಿಗೆ ಫೋನು ಮಾಡಿ, ನಂಬರು ಲಕೋಟೆಯ ಹಿಂದೆ ಬರೆದಿದ್ದೇನೆ. ನಾಲ್ಕು ಹತ್ತು ಆದಮೇಲೆ ಮಾಡಿ, ಅವಳೇ ಎತ್ತುತ್ತಾಳೆ. ಕಾಗದದಲ್ಲಿ ಬರೆಯುವ ಬುದ್ಧಿಮಾತು ಯಾವುದೂ ಬೇಡ. ಅವಳ ಹೆಸರು ಹಿಡಿದು ಕರೆಯಿರಿ ಸಾಕು, ಮೊದಲನೇ ಅಕ್ಷರದಲ್ಲೇ ಹತ್ತು ನಿಮಿಷ ನಿಂತರೂ ಸರಿ, ಇಡಬೇಡಿ. ನಾವು ಇಡುವುದಿಲ್ಲ. ಆ ಹೊತ್ತಿನಲ್ಲಿ ಬಸ್ಸುಗಳು ಹೇಳದೇ ಕೇಳದೇ ಹೊರಡುತ್ತವೆ ಎಂದು ಕಂಟ್ರೋಲರ್ ಸಾಹೇಬರಿಗೆ ಈಗಾಗಲೇ ಹೇಳಿಟ್ಟಿದ್ದೇನೆ.